ಶುಕ್ರವಾರದ ಪುಡಿ

2022ರಲ್ಲಿ ನಾನು ಮುಂಬಯಿ ಹತ್ತಿರದ ಡೊಂಬಿವಲಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ, ಪೇಂಟಿಗೆ ಬೇಕಾದ ಬಿಳಿ ಪುಡಿ ತಯಾರಿಸುವ ಒಂದು ಕಾರ್ಖಾನೆಯ ಅನಾಲಿಟಿಕಲ್ ವಿಭಾಗದ ಮುಖ್ಯಸ್ಥೆಯಾಗಿದ್ದೆ. ನಿವೃತ್ತಿಗೆ ಹತ್ತು ತಿಂಗಳಿತ್ತು. ಉಡುಪಿಯಲ್ಲಿ ಬಿ.ಎಸ್‌ಸಿ. ಮುಗಿಸಿ, ಕಲ್ಯಾಣದಲ್ಲಿ ಹೋಟೆಲ್ ನಡೆಸುತ್ತಿದ್ದ ಚಿಕ್ಕಪ್ಪನ ಮನೆಗೆ ಬಂದವಳು ಅದೇ ವರ್ಷ ಈ ಕಾರ್ಖಾನೆಯ ಲ್ಯಾಬ್ ಸೇರಿ ಅಲ್ಲೇ ತಲೆ ನರೆಸಿಕೊಂಡೆ. ಶೆಟ್ಟಿ ಮ್ಯಾಡಮ್ಮಿಗೆ ಕೋಪ ಮೂಗಿನ ತುದಿಯಲ್ಲೇ ಇದೆ ಎಂದು ಎಲ್ಲರೂ ಹೇಳುತ್ತಿದ್ದರು. ಅದು ಸುಳ್ಳಲ್ಲ. ಆದರೆ ಈಗ ಬರೆಯುತ್ತಿರುವ ಪ್ರಕರಣದಲ್ಲಿ ಆ ಕೋಪ ಬರಬೇಕಾದ ಹೊತ್ತಿಗೆ ಬರಲಿಲ್ಲ, ನಾಲ್ಕು ತಿಂಗಳು ತಡವಾಗಿ ಬಂತು. ಅಷ್ಟರಲ್ಲಿ ಒಬ್ಬ ಹುಡುಗಿಯ ಹೆಸರಿಗೆ ಮಸಿ ಬಳಿಯುವ ಸಿದ್ಧತೆ ಮುಗಿದಿತ್ತು.

ಮೊದಲು ನಮ್ಮ ವಿಭಾಗದ ಕೆಲಸದ ರೀತಿ ಹೇಳಬೇಕು. ಬೇರೆ ವಿಭಾಗದವರು ಸ್ಯಾಂಪಲ್ ತರುತ್ತಾರೆ, ಜೊತೆಗೊಂದು ಸ್ಲಿಪ್ ಇರುತ್ತದೆ. ಏನು ಪರೀಕ್ಷೆ ಮಾಡಬೇಕೆಂದು ಆ ಸ್ಲಿಪ್ಪಿನಲ್ಲಿ ಬರೆದಿರುತ್ತಾರೆ. ನಾವು ಅಷ್ಟನ್ನು ಮಾತ್ರ ಮಾಡಿ, ಅಷ್ಟನ್ನು ಮಾತ್ರ ಬರೆದು, ಸಹಿ ಹಾಕಿ ಕೊಡುತ್ತೇವೆ. ಹಿಂದೊಮ್ಮೆ ನಮ್ಮಲ್ಲೊಬ್ಬರು ಸ್ಲಿಪ್ಪಿನಲ್ಲಿ ಕೇಳದ ಕಲ್ಮಶವೊಂದನ್ನು ರಿಪೋರ್ಟಿನಲ್ಲಿ ಸೇರಿಸಿ, ಪ್ಲಾಂಟ್ ಎರಡು ದಿನ ನಿಂತು, ಕೊನೆಗೆ ನೋಡಿದರೆ ಕಲ್ಮಶ ಇದ್ದದ್ದು ಅವರದೇ ಬಾಟಲಿಯಲ್ಲಿ. ಆವತ್ತು ತಿಂದ ಬೈಗುಳ ನಾನು ಮರೆಯಲಿಲ್ಲ. ಅಂದಿನಿಂದ ನನ್ನ ಕೈಕೆಳಗೆ ಬಂದ ಪ್ರತಿಯೊಬ್ಬರಿಗೂ ಕಲಿಸಿದ ಮೊದಲ ಪಾಠ, ಸ್ಲಿಪ್ಪಿನಲ್ಲಿ ಕೇಳಿದ್ದಕ್ಕೆ ಉತ್ತರ ಬರೆಯಿರಿ, ಕೇಳದ್ದರ ಗೊಡವೆ ಬೇಡ ಎಂಬುದು. ಈ ಪಾಠದ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು.

ನಮ್ಮ ಬಿಳಿ ಪುಡಿ ಎಂದರೆ ಟೈಟಾನಿಯಂ ಡೈಆಕ್ಸೈಡ್. ಗೋಡೆಯ ಬಣ್ಣದಿಂದ ಹಿಡಿದು ಟೂತ್‌ಪೇಸ್ಟಿನವರೆಗೆ ಬಿಳುಪು ಬೇಕಾದಲ್ಲೆಲ್ಲ ಇದು ಬೇಕು. ಇದೇ ಪುಡಿಯನ್ನು ನ್ಯಾನೋ ಗಾತ್ರಕ್ಕೆ, ಅಂದರೆ ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಸಣ್ಣ ಕಣಗಳಾಗಿ ಮಾಡಿ, ಮೇಲೆ ಚೂರು ಪ್ಲಾಟಿನಂ ಕೂರಿಸಿ, ನೀರಿನಲ್ಲಿ ಕದಡಿ ಬಿಸಿಲಿಗಿಟ್ಟರೆ ಅದು ನೀರನ್ನು ಒಡೆದು ಹೈಡ್ರೋಜನ್ ಕೊಡಬಲ್ಲದು. ಶಾಸ್ತ್ರ ನಿಜ. ಕಷ್ಟ ಏನೆಂದರೆ, ಮಾಮೂಲು ಪುಡಿ ಬಿಸಿಲಿನ ಬಹುಪಾಲನ್ನು ಬಳಸಿಕೊಳ್ಳುವುದೇ ಇಲ್ಲ, ಸಿಗುವ ಗ್ಯಾಸೂ ಅತ್ಯಲ್ಪ. ಪ್ರಪಂಚದ ತುಂಬ ಜನ ಇದಕ್ಕಾಗಿ ತಲೆ ಕೆಡಿಸಿಕೊಂಡಿದ್ದಾರೆ. ನಮ್ಮ ಕಂಪನಿಗೂ ಆ ಆಸೆ ಹತ್ತಿತು. ಹೊರಗಿನಿಂದ ಒಬ್ಬರನ್ನು ಆರ್ ಆಂಡ್ ಡಿ ವೈಸ್ ಪ್ರೆಸಿಡೆಂಟ್ ಎಂದು ಕರೆತಂದರು. ಎಲ್ಲರೂ ಅವರನ್ನು ವಿಪಿ ಸಾಹೇಬ್ ಎನ್ನುತ್ತಿದ್ದರು. ನಾನೂ ಇಲ್ಲಿ ಹಾಗೇ ಕರೆಯುತ್ತೇನೆ.

ಅವರ ಕೈಕೆಳಗೆ ಪುಡಿ ತಯಾರಿಸುತ್ತಿದ್ದವಳು ಪಲ್ಲವಿ. ಬದಲಾಪುರದ ಹುಡುಗಿ. ತಂದೆ ಜಮಖಂಡಿ ಕಡೆಯವರು, ಶಹಾಡ್ ಹತ್ತಿರದ ಒಂದು ಯೂನಿಟ್ಟಿನಲ್ಲಿ ಫಿಟರ್ ಆಗಿದ್ದರು. ಕಂಪನಿಯಲ್ಲಿ ಕೆಲಸ ಮಾಡುತ್ತಲೇ ಆಕೆ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ.ಗೆ ಹೆಸರು ನೋಂದಾಯಿಸಿಕೊಂಡು ನಾಲ್ಕನೆಯ ವರ್ಷ. ನಾನು ಕನ್ನಡದಲ್ಲಿ ಮಾತಾಡಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದಳು. ಅಜ್ಜಿಯ ಕನ್ನಡ ಒಳಗೆಲ್ಲೋ ಇತ್ತು, ಆದರೆ ಅದು ಹೊರಗೆ ಬರುತ್ತಿದ್ದದ್ದು ಸಿಟ್ಟಿಗೆ ಇಲ್ಲವೇ ಅಳುವಿಗೆ ಮಾತ್ರ. ಕೆಲಸ ಅಚ್ಚುಕಟ್ಟು. ಮಾಡಿದ್ದು, ಬಿಟ್ಟದ್ದು ಎಲ್ಲವನ್ನೂ ತನ್ನ ರಫ್ ನೋಟ್‌ಬುಕ್ಕಿನಲ್ಲಿ ಗುಂಡಗೆ ಬರೆದಿಡುವಳು.

ಜೂನ್‌ನಿಂದ ಸ್ಯಾಂಪಲ್ ಬರಲು ಶುರುವಾಯಿತು. ಪಲ್ಲವಿ ಪುಡಿಯನ್ನು ನೀರಿನೊಂದಿಗೆ ಗಾಜಿನ ಫ್ಲಾಸ್ಕಿಗೆ ಹಾಕಿ, ಒಳಗಿನ ಗಾಳಿ ತೆಗೆದು, ಬಿಸಿಲಿನಂಥ ಬೆಳಕು ಕೊಡುವ ದೀಪದ ಎದುರು ನಾಲ್ಕು ಗಂಟೆ ಇಡುತ್ತಿದ್ದಳು. ಮೇಲೆ ಕೂಡಿದ ಗ್ಯಾಸನ್ನು ಸಿರಿಂಜಿನಲ್ಲಿ ಎಳೆದು ನಮ್ಮ ಜಿಸಿಗೆ ತರುತ್ತಿದ್ದಳು. ಜಿಸಿ ಎಂದರೆ ಗ್ಯಾಸ್ ಕ್ರೊಮ್ಯಾಟೊಗ್ರಾಫ್. ಮಿಶ್ರಣದಲ್ಲಿರುವ ಒಂದೊಂದು ಗ್ಯಾಸೂ ಅದರಿಂದ ತನ್ನ ಸಮಯಕ್ಕೆ ಸರಿಯಾಗಿ ಹೊರಬಿದ್ದು ಕಾಗದದ ಮೇಲೆ ಒಂದು ಗುಡ್ಡ ಮೂಡಿಸುತ್ತದೆ. ಮೊದಲು ಹೈಡ್ರೋಜನ್, ಆಮೇಲೆ ಆಕ್ಸಿಜನ್, ಆಮೇಲೆ ನೈಟ್ರೋಜನ್. ಗುಡ್ಡ ದೊಡ್ಡದಿದ್ದರೆ ಗ್ಯಾಸ್ ಹೆಚ್ಚು.

ಕೆಲವು ಸ್ಯಾಂಪಲ್‌ಗಳಲ್ಲಿ ಹೈಡ್ರೋಜನ್ನಿನ ಗುಡ್ಡ ಚೆನ್ನಾಗಿ ಎದ್ದಿತು, ಹೆಚ್ಚಿನವುಗಳಲ್ಲಿ ಏನೂ ಇರಲಿಲ್ಲ. ಗುಡ್ಡ ಏಳದ್ದನ್ನು ವಿಪಿ ಸಾಹೇಬರು ಮಳೆಗಾಲದ ತೇವದ ತಲೆಗೆ ಕಟ್ಟಿ ಪಕ್ಕಕ್ಕಿಟ್ಟರು. ಎದ್ದವುಗಳ ರಿಪೋರ್ಟನ್ನು ಒಂದು ಫೈಲಿನಲ್ಲಿ ಜೋಡಿಸಿದರು. ಸೆಪ್ಟೆಂಬರ್ ಕೊನೆಗೆ ಅಂಥವು ಹದಿನಾರು ಆದವು. ಹದಿನಾರಕ್ಕೂ ನನ್ನ ಸಹಿ.

ಈಗ ನಾಚಿಕೆಯ ವಿಷಯ. ನೀರಿನಲ್ಲಿ ಎರಡು ಪಾಲು ಹೈಡ್ರೋಜನ್ನಿಗೆ ಒಂದು ಪಾಲು ಆಕ್ಸಿಜನ್ ಇರುತ್ತದೆಂದು ಹೈಸ್ಕೂಲಿನಲ್ಲೇ ಓದಿದ್ದೇವೆ. ನೀರು ಒಡೆದರೆ ಎರಡೂ ಬರಲೇಬೇಕು. ಆ ಹದಿನಾರು ಕಾಗದಗಳಲ್ಲಿ ಆಕ್ಸಿಜನ್ ಇರಬೇಕಾದ ಜಾಗ ಬಹುತೇಕ ಖಾಲಿಯಿತ್ತು. ಎಲ್ಲೋ ಕೆಲವದರಲ್ಲಿ ಪುಟ್ಟ ಗುಬುಟು ಇದ್ದರೆ ಅದರ ಪಕ್ಕದಲ್ಲೇ ನಾಲ್ಕು ಪಟ್ಟು ನೈಟ್ರೋಜನ್ ಇರುತ್ತಿತ್ತು, ಅಂದರೆ ಸಿರಿಂಜಿನೊಳಗೆ ಹೊರಗಿನ ಗಾಳಿ ನುಸುಳಿದೆ ಎಂದರ್ಥ. ಇದು ನನಗೆ ಮೊದಲ ವಾರವೇ ಕಂಡಿತ್ತು. ಸ್ಲಿಪ್ಪಿನಲ್ಲಿ ಕೇಳಿದ್ದು ಹೈಡ್ರೋಜನ್ ಮಾತ್ರ. ಒಮ್ಮೆ ಕ್ಯಾಂಟೀನಿನಲ್ಲಿ ವಿಪಿ ಸಾಹೇಬರ ಹತ್ತಿರ ವಿಷಯ ತೆಗೆದೆ. ಆಕ್ಸಿಜನ್ ಪುಡಿಗೇ ಅಂಟಿಕೊಂಡಿರುತ್ತದೆ, ಹಾಗಾಗುವುದು ಉಂಟು ಎಂದರು. ಹಾಗಾಗುವುದು ಉಂಟು ಎಂಬುದೂ ನಿಜವೇ. ಆಮೇಲೆ ನಗುತ್ತ, "ಮ್ಯಾಡಮ್, ಸ್ಲಿಪ್ ಮೇ ಜೋ ಪೂಛಾ ಹೈ, ಬಸ್ ವಹೀ ಲಿಖೋ" ಎಂದರು. ನನ್ನ ಪಾಠವನ್ನು ನನಗೇ ಒಪ್ಪಿಸಿದರು. ನಾನು ಚಹಾ ಮುಗಿಸಿ ಎದ್ದು ಬಂದೆ.

ಅಕ್ಟೋಬರ್‌ನಲ್ಲಿ ನವಿ ಮುಂಬಯಿಯ ಒಂದು ದೊಡ್ಡ ಕಂಪನಿ ಈ ಪುಡಿಯಲ್ಲಿ ಆಸಕ್ತಿ ತೋರಿಸಿತು. ಅವರು ಸ್ಯಾಂಪಲ್ ತರಿಸಿಕೊಂಡು ತಮ್ಮ ಲ್ಯಾಬಿನಲ್ಲೇ ಪರೀಕ್ಷೆ ಮಾಡಿದರು. ಎರಡು ವಾರದ ಮೇಲೆ ಒಂದೇ ಪುಟದ ಉತ್ತರ ಬಂತು. ಹೈಡ್ರೋಜನ್ ಇಲ್ಲ, ಆಕ್ಸಿಜನ್ ಇಲ್ಲ, ಪುಡಿ ಸತ್ತಿದೆ ಎಂಬ ತಾತ್ಪರ್ಯ.

ಅವತ್ತೇ ವಿಪಿ ಸಾಹೇಬರು ಪಲ್ಲವಿಯನ್ನು ಕ್ಯಾಬಿನ್ನಿಗೆ ಕರೆದರು. ಬಾಟಲಿ ಬದಲಾಗಿದೆ, ನಿನ್ನ ಬೇಜವಾಬ್ದಾರಿ ಎಂದು ಶುರು ಮಾಡಿ, ಹದಿನಾರು ರಿಸಲ್ಟುಗಳನ್ನೇ ನೀನು ತಿದ್ದಿರಬಹುದು ಎನ್ನುವವರೆಗೆ ಹೋದರು. ಕಂಪನಿಯ ಲೆಟರ್‌ಹೆಡ್ಡಿನಲ್ಲಿ ಅವಳ ಪಿಎಚ್.ಡಿ. ಗೈಡಿಗೆ ಹಾಗೆಂದು ಬರೆಯುತ್ತೇನೆ ಎಂದೂ ಹೇಳಿದರಂತೆ. ಅಂಥ ಒಂದು ಪತ್ರ ಹೋದರೆ ಪಿಎಚ್.ಡಿ. ಮಾತ್ರವಲ್ಲ, ಮುಂದೆ ಯಾವ ಲ್ಯಾಬೂ ಅವಳನ್ನು ಬಾಗಿಲೊಳಗೆ ಬಿಡುವುದಿಲ್ಲ. ಅದು ಗೊತ್ತಿದ್ದೇ ಅವರು ಆ ಮಾತು ಆಡಿದ್ದರು.

ಪಲ್ಲವಿ ನನ್ನ ಟೇಬಲ್ಲಿನ ಮುಂದೆ ಬಂದು ರಫ್ ನೋಟ್‌ಬುಕ್ ಇಟ್ಟಳು. ಅಂದು ಹಿಂದಿ ಬರಲಿಲ್ಲ.

"ಮ್ಯಾಡಮ್, ಅವರು ಹ್ಯಾಂಗ ಹೇಳಿದ್ರೋ ಹಂಗ ಮಾಡೀನ್ರಿ. ಎಲ್ಲಾ ಇದ್ರಾಗ ಬರದೀನಿ. ನೀವರ ಒಮ್ಮೆ ಓದ್ರಿ."

ಓದಿದೆ. ಅದುವರೆಗೆ ನನಗೆ ಬರುತ್ತಿದ್ದ ಸ್ಯಾಂಪಲ್‌ಗಳ ಮೇಲೆ ಕೋಡ್ ನಂಬರ್ ಮಾತ್ರ ಇರುತ್ತಿತ್ತು, ಪುಡಿ ತಯಾರಾದ ದಿನ ಇರುತ್ತಿರಲಿಲ್ಲ. ನೋಟ್‌ಬುಕ್ಕಿನಲ್ಲಿ ದಿನವೂ ಇತ್ತು, ವಾರವೂ ಇತ್ತು. ಗುಡ್ಡ ಎದ್ದ ಹದಿನಾರು ಕೋಡ್‌ಗಳನ್ನು ಒಂದೊಂದಾಗಿ ಹುಡುಕಿ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದೆ. ಹದಿನಾರೂ ಶುಕ್ರವಾರ ತಯಾರಾದವು. ಸೋಮವಾರದ್ದು, ಬುಧವಾರದ್ದು ಒಂದೂ ಇಲ್ಲ.

ಶುಕ್ರವಾರ ಎಂದರೆ ಡೊಂಬಿವಲಿ ಎಂಐಡಿಸಿಯಲ್ಲಿ ಕೆಲಸ ಮಾಡಿದ ಯಾರಿಗೂ ಹೇಳಬೇಕಿಲ್ಲ. ಊರಿಗೆಲ್ಲ ಭಾನುವಾರ ರಜೆಯಾದರೆ ನಮಗೆ ಶುಕ್ರವಾರ. ಲೈನಿನ ರಿಪೇರಿ ಎಂದು ಕರೆಂಟನ್ನೂ ಎಷ್ಟೋ ಸಲ ಅವತ್ತೇ ತೆಗೆಯುತ್ತಾರೆ. ಆ ಮಳೆಗಾಲದಲ್ಲಿ ನಮ್ಮ ಫೀಡರಿಗೆ ಪ್ರತಿ ಶುಕ್ರವಾರ ಶಟ್‌ಡೌನ್ ಇತ್ತು. ಪ್ಲಾಂಟಿಗೆ ರಜೆ, ಆದರೆ ವಿಪಿ ಸಾಹೇಬರಿಗೆ ಅವಸರ. ಆರ್ ಆಂಡ್ ಡಿ ಮಾತ್ರ ಜನರೇಟರ್ ಮೇಲೆ ನಡೆಯುತ್ತಿತ್ತು. ಲೋಡ್ ತಡೆಯದೆಂದು ಜನರೇಟರ್ ಮೇಲೆ ಓವನ್ ಹಾಕುವಂತಿರಲಿಲ್ಲ.

ಪ್ಲಾಟಿನಂ ಕೂರಿಸಿದ ಪುಡಿಯನ್ನು ತೊಳೆದು, ಓವನ್ನಿನಲ್ಲಿ ಒಂದಿಡೀ ದಿನ ಒಣಗಿಸುವುದು ಸರಿಯಾದ ಕ್ರಮ. ಓವನ್ ಇಲ್ಲದ ಶುಕ್ರವಾರಗಳಂದು ಏನು ಮಾಡಿದರೆಂಬುದು ನೋಟ್‌ಬುಕ್ಕಿನಲ್ಲಿತ್ತು. ಕೊನೆಗೊಮ್ಮೆ ಐಪಿಎಯಲ್ಲಿ ತೊಳೆದು, ಟ್ರೇಯಲ್ಲಿ ಹರಡಿ, ಫ್ಯಾನ್ ಕೆಳಗೆ ಒಣಗಿಸಿದ್ದು, ವಿಪಿ ಸರ್ ಹೇಳಿದಂತೆ. ಐಪಿಎ ಎಂದರೆ ಐಸೊಪ್ರೊಪೈಲ್ ಆಲ್ಕೊಹಾಲ್, ಕೋವಿಡ್ ಕಾಲದಲ್ಲಿ ಕೈಗೆ ಹಚ್ಚಿಕೊಂಡು ಎಲ್ಲರಿಗೂ ಪರಿಚಯವಾದ ವಾಸನೆ. ಬೇಗ ಹಾರಿಹೋಗುತ್ತದೆ, ಹೋಗುವಾಗ ನೀರನ್ನೂ ಕರೆದೊಯ್ಯುತ್ತದೆ. ನಮ್ಮ ಲ್ಯಾಬುಗಳಲ್ಲಿ ಮಳೆಗಾಲದ ನಾಲ್ಕು ತಿಂಗಳು ಗಾಜಿನ ಸಾಮಾನನ್ನು ಎಲ್ಲರೂ ಹೀಗೇ ಒಣಗಿಸುತ್ತೇವೆ, ನಾನೂ ಒಣಗಿಸಿದ್ದೇನೆ. ವಾಸನೆ ಹೋದರೆ ಒಣಗಿತೆಂದು ಲೆಕ್ಕ. ಗಾಜಿಗೆ ಆ ಲೆಕ್ಕ ಸರಿ. ನ್ಯಾನೋ ಪುಡಿಯ ಮೈತುಂಬ ಕಣ್ಣಿಗೆ ಕಾಣದ ತೂತುಗಳು. ಆಲ್ಕೊಹಾಲ್ ಅದರೊಳಗೆ ಅವಿತು ಕೂತರೆ ಮೂಗಿಗೆ ತಿಳಿಯುವುದಿಲ್ಲ.

ಇಂಥ ಪುಡಿಗೆ ನೀರನ್ನು ಒಡೆಯುವುದು ಬಲು ಕಷ್ಟ, ಆಲ್ಕೊಹಾಲನ್ನು ಒಡೆಯುವುದು ಸುಲಭ. ಅದರಿಂದಲೂ ಹೈಡ್ರೋಜನ್ ಬರುತ್ತದೆ, ಆಕ್ಸಿಜನ್ ಬರುವುದಿಲ್ಲ. ನಾಲ್ಕು ತಿಂಗಳು ನಾವು ನೀರಿನ ಹೆಸರಿನಲ್ಲಿ ಅಳೆದದ್ದು ತೊಳೆಯಲು ಬಳಸಿದ ಆಲ್ಕೊಹಾಲಿನ ಹೈಡ್ರೋಜನ್.

ಇದು ಊಹೆ. ಊಹೆಗೆ ಸಹಿ ಹಾಕುವವಳು ನಾನಲ್ಲ. ಮರುದಿನದಿಂದ ಪಲ್ಲವಿಯನ್ನು ಕೂರಿಸಿಕೊಂಡು ಮೂರು ಪರೀಕ್ಷೆ ಮಾಡಿದೆ. ಐಪಿಎ ಒಡೆದಿದ್ದರೆ ಅಸಿಟೋನ್ ಉಳಿಯಬೇಕು, ಉಗುರಿನ ಬಣ್ಣ ತೆಗೆಯಲು ಹಚ್ಚುತ್ತೇವಲ್ಲ, ಅದು. ಶುಕ್ರವಾರದ ಪುಡಿಗೆ ಬೆಳಕು ತೋರಿಸಿದ ಮೇಲೆ ಫ್ಲಾಸ್ಕಿನ ನೀರನ್ನೇ ಜಿಸಿಗೆ ಹಾಕಿದೆ, ಅಸಿಟೋನ್ ಎದ್ದು ಕಂಡಿತು. ಅದೇ ಪುಡಿಯನ್ನು ಓವನ್ನಿನಲ್ಲಿ ಒಣಗಿಸಿ ನೋಡಿದರೆ ಹೈಡ್ರೋಜನ್ ಇಲ್ಲ. ನವಿ ಮುಂಬಯಿಯವರ ಲ್ಯಾಬಿನಲ್ಲಿ ಯಾವ ಪುಡಿ ಬಂದರೂ ಮೊದಲು ಓವನ್ನಿಗೆ ಹಾಕುವ ನಿಯಮವಿದೆ ಎಂದು ಅವರ ರಿಪೋರ್ಟಿನ ಮೂರನೆಯ ಸಾಲಿನಲ್ಲೇ ಇತ್ತು. ಕೊನೆಗೆ, ಆ ಸತ್ತ ಪುಡಿಯ ಫ್ಲಾಸ್ಕಿಗೆ ಒಂದು ಹನಿ ಐಪಿಎ ಬಿಡಲು ಪಲ್ಲವಿಗೆ ಹೇಳಿದೆ. ಗುಡ್ಡ ಮೊದಲಿನಂತೆಯೇ ಎದ್ದಿತು. ಅವಳು ಆ ಕಾಗದವನ್ನು ಹಳೆಯದೊಂದರ ಪಕ್ಕ ಇಟ್ಟು ಹೋಲಿಸಿ ನೋಡಿದಳು. ಬಾಟಲಿ ಬದಲಾಗಿರಲಿಲ್ಲ, ತನ್ನ ಕೈ ತಪ್ಪಿರಲಿಲ್ಲ ಎಂಬುದು ಖಾತ್ರಿಯಾಗಿತ್ತು. ನಾಲ್ಕು ತಿಂಗಳ ಫಲ ನೀರಿಗೆ ಸಂಬಂಧಪಟ್ಟದ್ದೇ ಅಲ್ಲ ಎಂಬುದೂ ಖಾತ್ರಿಯಾಗಿತ್ತು.

ವಿಪಿ ಸಾಹೇಬರಿಗೆ ತೋರಿಸಿದೆ. ಆ ಮನುಷ್ಯನಿಗೆ ಒಂದೇ ನೋಟಕ್ಕೆ ಅರ್ಥವಾಯಿತು. ಬುದ್ಧಿವಂತರೇ, ಅದರಲ್ಲಿ ಅನುಮಾನವಿಲ್ಲ. ಅಷ್ಟಕ್ಕೇ ನಿಂತಿದ್ದರೆ ಇದನ್ನು ನಾನು ಬರೆಯುತ್ತಿರಲಿಲ್ಲ. ತಪ್ಪು ಯಾರಿಗೂ ಆಗುತ್ತದೆ, ನನ್ನ ಕೈಯಿಂದಲೂ ಎಷ್ಟೋ ಆಗಿವೆ. ಅವರು ಕುರ್ಚಿ ಮುಂದಕ್ಕೆಳೆದು, ಒಳ್ಳೆಯದಾಯಿತು, ಕಾರಣ ಸಿಕ್ಕಿತಲ್ಲ, ಆಪರೇಟರ್ ಎರರ್ ಎಂದು ಬರೆದು ಸಹಿ ಹಾಕಿ ಕೊಡಿ ಎಂದರು. ಪಲ್ಲವಿ ಹೇಳದೆ ಕೇಳದೆ ಐಪಿಎ ಬಳಸಿದಳು ಎಂದಾಗಬೇಕಿತ್ತು. ನೋಟ್‌ಬುಕ್ಕಿನಲ್ಲಿ ನಿಮ್ಮ ಹೆಸರಿದೆಯಲ್ಲ ಎಂದೆ. ರಫ್ ನೋಟ್‌ಬುಕ್ ದಾಖಲೆಯಲ್ಲ, ಫೇರ್ ಕಾಪಿ ಅವಳಿಂದಲೇ ಬರೆಸುತ್ತೇನೆ ಎಂದರು. ನನ್ನ ಮೈ ಉರಿದುಹೋಯಿತು. ನಾಲ್ಕು ತಿಂಗಳು ಅವಳ ಕೆಲಸವನ್ನು ತನ್ನದೆಂದು ಸ್ಲೈಡ್ ಮಾಡಿ ತೋರಿಸಿದವರಿಗೆ, ಕೆಟ್ಟಾಗ ಮಾತ್ರ ಅದು ಅವಳ ಕೆಲಸವಾಯಿತು. ಸಹಿ ಹಾಕುವುದಿಲ್ಲ ಎಂದು ಹೇಳಿ ಹೊರಗೆ ಬಂದೆ. ಬಾಗಿಲು ಸ್ವಲ್ಪ ಜೋರಾಗಿಯೇ ಹಾಕಿದೆ.

ನವೆಂಬರ್ ಎರಡನೆಯ ವಾರ ಪಲ್ಲವಿಯ ಮೇಲೆ ವಿಚಾರಣೆ. ಘೋಡಬಂದರ್ ರಸ್ತೆಯ ಹೆಡ್ ಆಫೀಸಿನಿಂದ ಡೈರೆಕ್ಟರ್ ಬಂದಿದ್ದರು, ಎಚ್‌ಆರ್‌ನವರಿದ್ದರು. ನಾನು ಮೂರು ಪರೀಕ್ಷೆಗಳ ಕಾಗದ ಹರಡಿ, ಶುಕ್ರವಾರದ ಕಥೆಯನ್ನೆಲ್ಲ ವಿವರಿಸಿದೆ. ರಫ್ ನೋಟ್‌ಬುಕ್ ಓದಿ ಹೇಳಿದೆ. ಗೆದ್ದೆ ಎಂದೇ ಅಂದುಕೊಂಡಿದ್ದೆ.

ವಿಪಿ ಸಾಹೇಬರು ದನಿ ಎತ್ತಲಿಲ್ಲ. ತಮ್ಮ ಫೈಲಿನಿಂದ ನನ್ನ ಹದಿನಾರು ರಿಪೋರ್ಟುಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು.

"ಮ್ಯಾಡಮ್ ಕೀ ಸಹಿ ಹೈ. ಇಸ್ ಮೇ ಕಹಾ ಲಿಖಾ ಹೈ ಕಿ ಆಕ್ಸಿಜನ್ ನಹೀ ಹೈ?"

ಆಕ್ಸಿಜನ್ ಇಲ್ಲವೆಂದು ಎಲ್ಲಿ ಬರೆದಿದ್ದೀರಿ? ಕೋಣೆಯಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು. ಸ್ಲಿಪ್ಪಿನಲ್ಲಿ ಕೇಳಿರಲಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಮೇಜಿನ ಆ ಕಡೆ ಪಲ್ಲವಿ ಕೂತಿದ್ದಳು. ಹೇಳಿದಂತೆ ಮಾಡಿದೆ ಎಂಬ ಅವಳ ಮಾತನ್ನು ಈ ಜನ ಕಾಲಕಸ ಮಾಡಿದ್ದರು. ಕೇಳಿದಷ್ಟೇ ಬರೆದೆ ಎಂಬ ನನ್ನ ಮಾತು ಅದಕ್ಕಿಂತ ಹೇಗೆ ದೊಡ್ಡದು? ಅವಳಾದರೂ ತಾನು ಮಾಡಿದ್ದನ್ನೆಲ್ಲ ಬರೆದಿಟ್ಟಿದ್ದಳು. ನಾನು ಕಂಡದ್ದನ್ನು ಬರೆದಿರಲಿಲ್ಲ. ಅವಳಿಗೆ ನಾಲ್ಕು ವರ್ಷದ ಅನುಭವ, ನನಗೆ ಮೂವತ್ತು ದಾಟಿತ್ತು.

"ಬರೆಯಲಿಲ್ಲ," ಎಂದೆ. "ಮೊದಲ ವಾರವೇ ನೋಡಿದ್ದೆ. ನೋಡಿಯೂ ಬರೆಯಲಿಲ್ಲ. ತಪ್ಪು ನನ್ನದು, ಬರೆದುಕೊಡುತ್ತೇನೆ."

ಮೊದಲು ಕನ್ನಡದಲ್ಲೇ ಬಂದುಬಿಟ್ಟಿತು. ಆಮೇಲೆ ಹಿಂದಿಯಲ್ಲಿ ಹೇಳಿದೆ. ಅಲ್ಲೇ ಒಂದು ಕಾಗದ ಕೇಳಿ ತೆಗೆದುಕೊಂಡು, ಅನಾಲಿಟಿಕಲ್ ವಿಭಾಗದ ಮುಖ್ಯಸ್ಥೆಯಾಗಿ ಆಕ್ಸಿಜನ್ ಇಲ್ಲದ್ದನ್ನು ಕಂಡೂ ಸುಮ್ಮನಿದ್ದೆ, ವಿಪಿಯವರಿಗೆ ಬಾಯಿಮಾತಿನಲ್ಲಿ ಹೇಳಿ ಕೈತೊಳೆದುಕೊಂಡೆ, ಐಪಿಎ ಬಳಸಿದ್ದು ವಿಪಿಯವರ ಸೂಚನೆಯಂತೆ, ಅದು ದಿನದಿನವೂ ದಾಖಲಾಗಿದೆ, ಪಲ್ಲವಿಯ ಯಾವ ಅಂಕಿಯೂ ತಿದ್ದಿದ್ದಲ್ಲ ಎಂದು ಬರೆದು ಸಹಿ ಮಾಡಿದೆ. ಜಿಸಿಯಿಂದ ಬಂದ ಮೂಲ ಕಾಗದಗಳನ್ನೂ ಜೊತೆಗಿಟ್ಟೆ. ರಿಪೋರ್ಟಿನಲ್ಲಿ ನಾನು ಬರೆಯದೆ ಬಿಟ್ಟದ್ದು ಅವುಗಳಲ್ಲಿ ಹಾಗೇ ಇತ್ತು, ಖಾಲಿ ಜಾಗವಾಗಿ. ತನ್ನ ಮೇಲೇ ಬರೆದುಕೊಂಡವಳ ಮಾತನ್ನು ಸುಳ್ಳೆನ್ನುವುದು ಡೈರೆಕ್ಟರಿಗೆ ಕಷ್ಟವಾಯಿತು. ಗೈಡಿಗೆ ಯಾವ ಪತ್ರವೂ ಹೋಗಕೂಡದು ಎಂದು ಅಲ್ಲಿಯೇ ಹೇಳಿದರು.

ನ್ಯಾಯ ಸಿಕ್ಕಿತೆಂದು ಓದುಗರು ತಿಳಿಯಬಾರದು. ಫೈಲ್ ಮುಚ್ಚುವಾಗ 'ವಿಧಾನದ ದೋಷ' ಎಂದು ಬರೆದರು. ವಿಧಾನಕ್ಕೆ ಕೈಕಾಲಿಲ್ಲ, ಸಂಬಳವಿಲ್ಲ, ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ನನಗೊಂದು ಮೆಮೋ ಬಂತು, ಅಷ್ಟು ವರ್ಷಗಳಲ್ಲಿ ಮೊದಲನೆಯದು. ವಿಪಿ ಸಾಹೇಬರನ್ನು ಹೆಡ್ ಆಫೀಸಿಗೆ ಕರೆಸಿಕೊಂಡರು, ಇನ್ನೂ ದೊಡ್ಡ ಕ್ಯಾಬಿನ್ ಎಂದು ಕೇಳಿದೆ. ಪಲ್ಲವಿಗೆ ಯಾರೂ ಏನೂ ಅನ್ನಲಿಲ್ಲ. ತಪ್ಪಾಯಿತು ಎಂದೂ ಅನ್ನಲಿಲ್ಲ. ಅವಳು ಡಿಸೆಂಬರ್‌ನಲ್ಲಿ ರಾಜೀನಾಮೆ ಕೊಟ್ಟಳು.

ಅವಳ ಗೈಡ್ ಒಳ್ಳೆಯವರು. ಆಗಿದ್ದನ್ನು ಆಗಿದ್ದಂತೆಯೇ ಬರೆ ಎಂದರಂತೆ. ಪ್ರಬಂಧದಲ್ಲಿ ಒಂದು ಇಡೀ ಅಧ್ಯಾಯ, ತೊಳೆಯಲು ಬಳಸಿದ ಆಲ್ಕೊಹಾಲ್ ಪುಡಿಯಲ್ಲಿ ಉಳಿದರೆ ನೀರು ಒಡೆದಂತೆ ಹೇಗೆ ಮೋಸವಾಗುತ್ತದೆ ಎಂಬುದರ ಮೇಲೆ. ಪಿಎಚ್.ಡಿ. ಎರಡು ವರ್ಷ ತಡವಾಯಿತು, ಆದರೆ ಬಂತು. ಈಗ ಕಲ್ಯಾಣದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಹೋದ ದೀಪಾವಳಿಗೆ ಮನೆಗೆ ಬಂದಿದ್ದಳು. ಕಾರ್ಖಾನೆಯ ಗೇಟು ದಾಟಿದ ಮೇಲೆ ನಾನು ಅವಳಿಗೆ ಮ್ಯಾಡಮ್ ಅಲ್ಲ, ಕಾಕೂ, ಅಂದರೆ ಚಿಕ್ಕಮ್ಮ. ತನ್ನ ಲ್ಯಾಬಿಗೆಂದು ತಾನೇ ಮಾಡಿದ ಸ್ಯಾಂಪಲ್ ಸ್ಲಿಪ್ ತೋರಿಸಿದಳು. ಎಲ್ಲ ನಮ್ಮ ಹಳೆಯ ಸ್ಲಿಪ್ಪಿನಂತೆಯೇ ಇತ್ತು. ಕೆಳಗೆ ಮಾತ್ರ ಒಂದು ಸಾಲು ಹೆಚ್ಚು: ಕೇಳದಿದ್ದರೂ ಕಂಡದ್ದು. ಅದರ ಮುಂದೆ ಮೂರು ಬೆರಳಿನಷ್ಟು ಖಾಲಿ ಜಾಗ.

"ಈ ಜಾಗಾ ಖಾಲಿ ಬಿಟ್ಟು ಕೊಟ್ರ ನಾ ಸಹಿ ಹಾಕೂದಿಲ್ಲ ಕಾಕೂ," ಎಂದಳು. "ಏನೂ ಕಾಣಲಿಲ್ಲ ಅಂದ್ರ ಕಾಣಲಿಲ್ಲ ಅಂತರ ಬರೀಬೇಕು."

ಕೆಲಸ ನನಗೆ ಕಲಿಸಿದ್ದು ಆ ಒಂದು ಸಾಲು. ಉಪಕರಣ ಸುಳ್ಳು ಹೇಳುವುದಿಲ್ಲ, ಅದರಿಂದ ಸುಳ್ಳು ಹೇಳಿಸಲು ನಮ್ಮಂಥವರ ಮೌನವೇ ಸಾಕು. ಬೇರೆಯವರ ಮೇಲಿನ ಸಿಟ್ಟನ್ನು ನಾನು ಈಗಲೂ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಆ ಹಳೆಯ ಕಾರ್ಖಾನೆಯ ಕಪಾಟಿನಲ್ಲಿ ಹದಿನಾರು ರಿಪೋರ್ಟುಗಳು ಇನ್ನೂ ಇರಬೇಕು, ಮತ್ತು ಅವುಗಳ ಕೆಳಗಿರುವುದು ವಿಪಿ ಸಾಹೇಬರ ಸಹಿಯಲ್ಲ.